ಹಸಿರು ಟಿಕ್ ಬೀಳದ ಕೆಲಸ

ಕೋಡ್ ಬರೆಯುವವರಿಗೆ ಬೇರೆ ಎಷ್ಟೋ ವೃತ್ತಿಗಳಲ್ಲಿ ಸಿಗದ ಒಂದು ಸುಖವಿದೆ. ಮಾಡಿದ್ದು ಸರಿಯೋ ತಪ್ಪೋ ಬೇಗ ಗೊತ್ತಾಗುತ್ತದೆ. ಬ್ರಾಕೆಟ್ ಒಂದು ಬಿಟ್ಟುಹೋದರೆ ಎಡಿಟರ್ ಅಲ್ಲೇ ಕೆಂಪು ಗೆರೆ ಎಳೆಯುತ್ತದೆ. ಕೋಡಿನ ಒಂದೊಂದು ತುಂಡನ್ನು ಪರೀಕ್ಷಿಸುವ ಯೂನಿಟ್ ಟೆಸ್ಟ್ ಒಂದೆರಡು ನಿಮಿಷದಲ್ಲಿ ಉತ್ತರ ಕೊಡುತ್ತದೆ, ಪಾಸಾದರೆ ಪರದೆಯ ಮೇಲೆ ಹಸಿರು ಟಿಕ್. ಕೋಡೆಲ್ಲ ಸೇರಿಸಿ ಓಡುವ ಪ್ರೋಗ್ರಾಂ ಮಾಡುವ ಬಿಲ್ಡ್‌ಗೆ ಕಾಲು ಗಂಟೆ, ಸಹೋದ್ಯೋಗಿಗಳು ಓದಿ ನೋಡುವ ರಿವ್ಯೂಗೆ ಒಂದು ದಿನ, ಪ್ರೊಡಕ್ಷನ್‌ಗೆ, ಅಂದರೆ ಗ್ರಾಹಕರು ಬಳಸುವ ಜಾಗಕ್ಕೆ, ಹೋಗಿ ಅವರಿಂದ ಬೈಗುಳವೋ ಮೆಚ್ಚುಗೆಯೋ ಬರುವುದಕ್ಕೆ ಹೆಚ್ಚೆಂದರೆ ಎರಡು ವಾರ. ಐದಾರು ವರ್ಷ ಹೀಗೆ ಪಳಗಿದ ಮನಸ್ಸು, ಹಸಿರು ಟಿಕ್ ಬಿದ್ದರೆ ಮಾತ್ರ ಇವತ್ತಿನ ಕೆಲಸ ಆಯಿತು ಅಂತ ಒಪ್ಪಿಕೊಳ್ಳುತ್ತದೆ.

ಅಂಥವರನ್ನು ಒಂದು ಸೋಮವಾರ ಟೀಮ್ ಲೀಡ್ ಮಾಡುತ್ತಾರೆ. ಆ ವಾರ ಅವರು ಸಂದರ್ಶನ ಮಾಡಿ ಒಬ್ಬರನ್ನು ಆರಿಸುತ್ತಾರೆ, ಒಂದು ಮಾಡ್ಯೂಲನ್ನು ಇಬ್ಬರ ನಡುವೆ ಹಂಚುತ್ತಾರೆ, ಪ್ರೋಗ್ರಾಂಗಳ ನಡುವೆ ಸಂದೇಶಗಳನ್ನು ಸಾಲಾಗಿ ದಾಟಿಸಲು ಯಾವ ಮೆಸೇಜ್ ಕ್ಯೂ ಬಳಸಬೇಕೆಂದು ತೀರ್ಮಾನಿಸುತ್ತಾರೆ. ಆರಿಸಿದ್ದು ಸರಿಯೇ ಅಂತ ತಿಳಿಯಲು ಆರು ತಿಂಗಳು ಹಿಡಿಯುತ್ತದೆ, ಹಂಚಿಕೆ ಸರಿಯಿತ್ತೇ ಅಂತ ತಿಳಿಯಲು ಮೂರು ತಿಂಗಳು. ಕ್ಯೂ ಬಗೆಗಿನ ಉತ್ತರವಂತೂ ಒಂದೂವರೆ ವರ್ಷದ ಮೇಲೆ, ಲೋಡ್ ಹತ್ತು ಪಟ್ಟಾದ ರಾತ್ರಿ ಬರುತ್ತದೆ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚುವಾಗ ಈ ವಾರ ಏನು ಮಾಡಿದೆ ಅಂತ ಕೇಳಿಕೊಂಡರೆ ಬರೀ ಮೀಟಿಂಗುಗಳು ನೆನಪಾಗುತ್ತವೆ.

ನಾಯಕತ್ವದ ಮಾತು ಬಂದರೆ ಸಂವಹನ, ದೂರದೃಷ್ಟಿ, ಸಹಾನುಭೂತಿ ಅಂತ ಪಟ್ಟಿ ಶುರುವಾಗುತ್ತದೆ. ಯಾವುದೂ ಸುಳ್ಳಲ್ಲ. ಆದರೆ ಹೊಸ ಲೀಡ್‌ಗಳು ಎಡವುವ ಕಲ್ಲು ಅದಕ್ಕೂ ಮೊದಲೇ ಸಿಗುತ್ತದೆ. ಉತ್ತರ ಬರುವ ಹೊತ್ತು ನಿಮಿಷಗಳಿಂದ ತಿಂಗಳುಗಳಿಗೆ ಜಿಗಿದಿರುತ್ತದೆ, ಅಷ್ಟು ಹೊತ್ತು ಕಾಯುವ ಅಭ್ಯಾಸವನ್ನು ಯಾರೂ ಮಾಡಿಸಿರುವುದಿಲ್ಲ.

ಕೆನಡಾ ಮೂಲದ ಎಲಿಯಟ್ ಜಾಕ್ಸ್ ಎಂಬ ಮನೋವಿಶ್ಲೇಷಕರು 1950ರ ದಶಕದಲ್ಲಿ ಲಂಡನ್ನಿನ ಗ್ಲೇಸಿಯರ್ ಮೆಟಲ್ ಕಂಪನಿಯಲ್ಲಿ ಕೆಲಸಗಾರರ ಜೊತೆ ಕೂತು ಕೆಲಸದ ತೂಕ ಅಳೆಯಲು ಒಂದು ದಾರಿ ಹುಡುಕಿದರು. ಕೈಕೆಳಗೆ ಎಷ್ಟು ಜನರಿದ್ದಾರೆ ಅನ್ನುವುದನ್ನು ಅವರು ನೋಡಲಿಲ್ಲ. ಒಬ್ಬ ವ್ಯಕ್ತಿ ತನ್ನ ವಿವೇಚನೆಯ ಮೇಲೆಯೇ ನಡೆಸಬೇಕಾದ ಅತಿ ಉದ್ದದ ಕೆಲಸ ಎಷ್ಟು ಕಾಲದ್ದು ಎಂದು ನೋಡಿದರು. ಸಾಫ್ಟ್‌ವೇರ್ ಕಂಪನಿಗಳ ಹುದ್ದೆಗಳನ್ನು ಇದೇ ಅಳತೆಗೋಲಿನಿಂದ ನೋಡಿದರೆ ಎಷ್ಟೋ ಗೊಂದಲ ತಿಳಿಯಾಗುತ್ತದೆ. ಹೊಸದಾಗಿ ಸೇರಿದವರಿಗೆ ಕೊಡುವ ಕೆಲಸ ಎರಡು ಮೂರು ದಿನದ್ದು, ಸೀನಿಯರ್ ಎಂಜಿನಿಯರಿಗೆ ಒಂದೆರಡು ತಿಂಗಳದ್ದು, ಆರ್ಕಿಟೆಕ್ಟ್ ಅಥವಾ ಡೈರೆಕ್ಟರ್‌ಗೆ ಒಂದೆರಡು ವರ್ಷದ್ದು. "ನಾನು ಇಷ್ಟು ಟಿಕೆಟ್ ಮುಗಿಸಿದರೂ ನನಗೇಕೆ ಬಡ್ತಿ ಇಲ್ಲ" ಎಂಬ ಪ್ರಶ್ನೆಗೆ ಉತ್ತರ ಹೆಚ್ಚಿನ ಸಲ ಇಲ್ಲೇ ಇರುತ್ತದೆ. ಟಿಕೆಟ್, ಅಂದರೆ ಪಟ್ಟಿಯಲ್ಲಿ ದಾಖಲಾದ ಒಂದೊಂದು ಕೆಲಸ, ಎಷ್ಟೇ ಆದರೂ ಪ್ರತಿಯೊಂದೂ ಎರಡು ದಿನದ್ದೇ.

ಕಾಯುವುದು ಆಗದವರು ಮಾಡುವ ಮೊದಲ ಕೆಲಸ ಎಂದರೆ ಉತ್ತರ ಬೇಗ ಸಿಗುವ ಜಾಗಕ್ಕೆ ಓಡಿಹೋಗುವುದು, ಅಂದರೆ ಮತ್ತೆ ಕೋಡಿಗೆ. ಪ್ರೊಡಕ್ಷನ್‌ನಲ್ಲಿ ಒಂದು ಬಗ್ ಬರುತ್ತದೆ. ತಂಡದವರು ನೋಡಿದರೆ ಮೂರು ಗಂಟೆ, ಲೀಡ್ ಕೂತರೆ ಇಪ್ಪತ್ತು ನಿಮಿಷ. ಕೈ ತುರಿಸುತ್ತದೆ, ತಾನೇ ಮುಗಿಸಿಬಿಡುತ್ತಾನೆ. ಆ ದಿನದ ಮಟ್ಟಿಗೆ ಎರಡು ಗಂಟೆ ನಲವತ್ತು ನಿಮಿಷ ಉಳಿಯಿತು. ಮುಂದಿನ ಸಲವೂ ಅದೇ ಜಾಗದಲ್ಲಿ ಬಗ್ ಬಂದಾಗ ಮೂರು ಗಂಟೆ ಮೂರು ಗಂಟೆಯಾಗಿಯೇ ಇರುತ್ತದೆ, ಏಕೆಂದರೆ ಯಾರೂ ಕಲಿತಿಲ್ಲ. ಐದಾರು ಸಲ ಹೀಗಾದ ಮೇಲೆ ತಂಡ ನೋಡುವುದನ್ನೇ ಬಿಡುತ್ತದೆ. "ಅದು ಅವರ ಏರಿಯಾ" ಎಂಬ ಮಾತು ಹುಟ್ಟುವುದು ಹೀಗೆ.

ಇದು ಎಷ್ಟು ಮುಂದುವರಿದಿದೆ ಅಂತ ತಿಳಿಯಲು ಒಂದು ಸರಳ ಲೆಕ್ಕವಿದೆ. ಯಾವುದೇ ದಿನ ಬೆಳಿಗ್ಗೆ, ಮುಂದಕ್ಕೆ ಹೋಗದೆ ನಿಂತಿರುವ ಪುಲ್ ರಿಕ್ವೆಸ್ಟ್ (ಬರೆದ ಕೋಡನ್ನು ನೋಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಮತ್ತು ಟಿಕೆಟ್‌ಗಳಲ್ಲಿ ಎಷ್ಟು ಲೀಡ್ ಒಬ್ಬರ ಉತ್ತರಕ್ಕಾಗಿ ನಿಂತಿವೆ ಎಂದು ಎಣಿಸಿ. ಮೂರರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ತಂಡದ ವೇಗ ಎಂದರೆ ಆ ಒಬ್ಬರ ವೇಗ ಅಂತಲೇ ಅರ್ಥ. ಇನ್ನೂ ಖಚಿತವಾದ ಪರೀಕ್ಷೆ ಬೇಕಿದ್ದರೆ ಎರಡು ವಾರ ರಜೆ ಹಾಕಿ ಫೋನ್ ಆಫ್ ಮಾಡುವುದು. ವಾಪಸ್ ಬಂದಾಗ ಯಾವ ಯಾವ ಕೆಲಸ ನಿಂತಿದೆಯೋ ಅದೇ ಮುಂದಿನ ತಿಂಗಳು ಬೇರೆಯವರ ಕೈಗೆ ದಾಟಿಸಬೇಕಾದ ಪಟ್ಟಿ.

ಹಾಗಾದರೆ ಲೀಡ್ ಕೋಡ್ ಬರೆಯಲೇಬಾರದೇ? ಬರೆಯಬೇಕು. ನಾಲ್ಕೈದು ಜನರ ತಂಡವಾದರೆ ವಾರದ ಅರ್ಧದವರೆಗೂ ಬರೆಯಬಹುದು. ಎಂಟು ಜನರಾದರೆ ಐದನೇ ಒಂದು ಭಾಗ ಸಿಕ್ಕರೆ ಪುಣ್ಯ. ಎಷ್ಟು ಅನ್ನುವುದಕ್ಕಿಂತ ಯಾವುದು ಅನ್ನುವುದು ಮುಖ್ಯ. ರಿಲೀಸ್‌ಗೆ ಅಡ್ಡ ನಿಲ್ಲುವಂಥ ಕೆಲಸವನ್ನು ಲೀಡ್ ಇಟ್ಟುಕೊಳ್ಳಬಾರದು. ಮಧ್ಯಾಹ್ನದ ಹೊತ್ತಿಗೆ ಯಾರೋ ಗ್ರಾಹಕರ ಕರೆ ಬರುತ್ತದೆ, ಕೋಡ್ ಅರ್ಧಕ್ಕೇ ನಿಲ್ಲುತ್ತದೆ, ಅದರ ಹಿಂದೆ ನಾಲ್ಕು ಜನ ಸಾಲಾಗಿ ನಿಲ್ಲುತ್ತಾರೆ. ಒಮ್ಮೊಮ್ಮೆ ಮಾತ್ರ ಫೇಲ್ ಆಗುವ ಟೆಸ್ಟ್‌ಗಳನ್ನು ಸರಿಪಡಿಸುವುದು, ಪ್ರೋಗ್ರಾಂ ತಾನೇ ಬರೆದಿಡುವ ಲಾಗ್‌ಗಳನ್ನು ಓದಲು ಬರುವಂತೆ ಮಾಡುವುದು, ಬಿಲ್ಡ್ ಸಮಯ ಇಳಿಸುವುದು, ಒಳಗಿನವರಿಗೆ ಸಣ್ಣ ಟೂಲ್ ಬರೆದುಕೊಡುವುದು, ಇಂಥವು ಲೀಡ್ ಕೈಗೆ ಸರಿ. ಒಂದು ವಾರ ತಡವಾದರೂ ಯಾರ ಕೆಲಸವೂ ಕೆಡುವುದಿಲ್ಲ, ಆದಾಗ ಎಲ್ಲರಿಗೂ ಲಾಭ.

ತಂಡದ ಗಾತ್ರ ಸಮಯವನ್ನು ಹೇಗೆ ತಿನ್ನುತ್ತದೆ ಅನ್ನುವುದಕ್ಕೆ ಲೆಕ್ಕ ಹಳೆಯದು. ಇಬ್ಬಿಬ್ಬರ ನಡುವೆ ಒಂದೊಂದು ಮಾತಿನ ಎಳೆ ಎಂದುಕೊಂಡರೆ ನಾಲ್ಕು ಜನರಿಗೆ 6 ಎಳೆ, ಎಂಟು ಜನರಿಗೆ 28, ಹನ್ನೆರಡು ಜನರಿಗೆ 66. ಐಬಿಎಮ್‌ನಲ್ಲಿ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಿಸಿದ ಫ್ರೆಡ್ ಬ್ರೂಕ್ಸ್, ತಡವಾಗಿರುವ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಅಂತ 1975ರಲ್ಲೇ ಬರೆದಿಟ್ಟರು. ಈಗಲೂ ಡೆಡ್‌ಲೈನ್‌ಗೆ ಆರು ವಾರ ಇದ್ದಾಗ ಮೂರು ಜನರನ್ನು ತಂದು ಸೇರಿಸುತ್ತಾರೆ. ಬಂದವರಿಗೆ ಕಲಿಸುವವರು ಯಾರು? ತಂಡದಲ್ಲಿ ಅತಿ ಹೆಚ್ಚು ಗೊತ್ತಿರುವ, ಆ ಆರು ವಾರ ಒಂದು ನಿಮಿಷವೂ ಬಿಡುವಿಲ್ಲದ ಅದೇ ಇಬ್ಬರು.

ಕೆಲಸ ವಹಿಸಿಕೊಡುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನೋಟಿಫಿಕೇಶನ್ ಸರ್ವಿಸ್‌ನ ಡೇಟಾಬೇಸ್ ಬದಲಾಯಿಸಬೇಕು ಅಂದುಕೊಳ್ಳಿ. "ಇದನ್ನು ನೀವು ನೋಡಿಕೊಳ್ಳಿ" ಅಂದರೆ ಅದು ತಲೆಗೆ ಕಟ್ಟಿದ ಹಾಗಾಯಿತು, ವಹಿಸಿದ ಹಾಗಾಗಲಿಲ್ಲ. ವಹಿಸುವಾಗ ಅರ್ಧ ಪುಟದಲ್ಲಿ ನಾಲ್ಕು ಸಂಗತಿ ಬರೆದುಕೊಡಬೇಕು. ಏನು ಆಗಿರಬೇಕು: ಹಳೆಯ ಡೇಟಾಬೇಸಿಗೆ ಒಂದೂ ಕೋರಿಕೆ ಹೋಗಬಾರದು. ಏನು ಮುರಿಯಬಾರದು: ಒಂದೇ ಸಂದೇಶ ಗ್ರಾಹಕರಿಗೆ ಎರಡು ಸಲ ಹೋಗಬಾರದು, ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಸೇವೆ ನಿಲ್ಲಬಾರದು. ಎಲ್ಲಿ ನೀವೇ ತೀರ್ಮಾನಿಸಬಹುದು, ಎಲ್ಲಿ ಕೇಳಬೇಕು: ಟೇಬಲ್‌ಗಳ ವಿನ್ಯಾಸ ನಿಮ್ಮದು, ಹಳೇ ಡೇಟಾ ಅಳಿಸುವ ಮುನ್ನ ಮಾತ್ರ ಕೇಳಿ. ಯಾವಾಗ ಒಟ್ಟಿಗೆ ಕೂತು ನೋಡೋಣ: ಮೊದಲ ವಾರದ ಕೊನೆಗೆ.

ಆ ಕೊನೆಯ ಸಾಲಿನಲ್ಲಿ ಬಹಳ ಜನ ತಪ್ಪುತ್ತಾರೆ. ಕೆಲಸ ನೂರಕ್ಕೆ ಎಂಬತ್ತು ಮುಗಿದ ಮೇಲೆ ನೋಡಲು ಕೂರುತ್ತಾರೆ. ಅಷ್ಟು ಹೊತ್ತಿಗೆ ದಾರಿ ತಪ್ಪಿದ್ದರೆ ಎರಡೇ ಆಯ್ಕೆ, ಒಂದೋ ತಪ್ಪನ್ನು ನುಂಗಿಕೊಳ್ಳಬೇಕು, ಇಲ್ಲವೇ ಮೂರು ವಾರದ ದುಡಿಮೆಯನ್ನು ಬಿಸಾಕಬೇಕು. ಇಪ್ಪತ್ತರಷ್ಟು ಆದಾಗ ನೋಡಿದರೆ ತಿದ್ದುವುದು ಅರ್ಧ ದಿನದ ಮಾತು. ಎಷ್ಟು ಸಲ ನೋಡಬೇಕು ಎಂಬುದಕ್ಕೆ ಇಂಟೆಲ್ ಕಂಪನಿಯ ಮುಖ್ಯಸ್ಥರಾಗಿದ್ದ ಆಂಡಿ ಗ್ರೋವ್ ಹೇಳಿದ ಸೂತ್ರ ಇವತ್ತಿಗೂ ನಿಲ್ಲುತ್ತದೆ. ನೋಡಬೇಕಾದ್ದು ಆ ನಿರ್ದಿಷ್ಟ ಕೆಲಸದಲ್ಲಿ ಅವರಿಗೆಷ್ಟು ಅನುಭವವಿದೆ ಎಂಬುದನ್ನು, ಒಟ್ಟು ವರ್ಷಗಳನ್ನಲ್ಲ. ಹನ್ನೆರಡು ವರ್ಷ ಜಾವಾ ಬರೆದವರು ಮೊದಲ ಸಲ ಡೇಟಾ ಮೈಗ್ರೇಶನ್ (ಒಂದು ಡೇಟಾಬೇಸಿನಿಂದ ಇನ್ನೊಂದಕ್ಕೆ ದಾಟಿಸುವುದು) ಮಾಡುತ್ತಿದ್ದರೆ ಆ ವಿಷಯದಲ್ಲಿ ಅವರೂ ಹೊಸಬರೇ. ಮುಜುಗರದಿಂದ ಅವರು ಕೇಳುವುದಿಲ್ಲ, ಗೌರವದಿಂದ ಲೀಡ್ ವಿಚಾರಿಸುವುದಿಲ್ಲ. ಎರಡು ಒಳ್ಳೆಯ ಗುಣ ಸೇರಿ ಒಂದು ರಾತ್ರಿ ಸೇವೆ ನಿಲ್ಲುತ್ತದೆ.

ಕೋಡ್ ರಿವ್ಯೂ ಕೂಡ ವಹಿಸಿಕೊಡುವುದರ ಇನ್ನೊಂದು ತುದಿಯೇ. ಒಂದು ಪುಲ್ ರಿಕ್ವೆಸ್ಟ್ ಮೇಲೆ ನಲವತ್ತು ಕಾಮೆಂಟ್ ಬಿದ್ದಿದೆ ಅಂದರೆ ಸಾಮಾನ್ಯವಾಗಿ ಅದರಲ್ಲಿ ಇಪ್ಪತ್ತು ಬರೀ ಹೆಸರಿಡುವುದು, ಜಾಗ ಬಿಡುವುದು, ಬೇರೆ ಕೋಡನ್ನು ಇಂಪೋರ್ಟ್ ಮಾಡುವ ಕ್ರಮ ಇಂಥವು. ಅದು ಮನುಷ್ಯರು ಮಾಡುವ ಕೆಲಸವೇ ಅಲ್ಲ, ಕೋಡಿನ ಶೈಲಿಯನ್ನು ತಾನೇ ನೋಡುವ ಲಿಂಟರ್ ಎಂಬ ಟೂಲ್‌ಗೆ ಬಿಡಿ. ಉಳಿದ ಇಪ್ಪತ್ತರಲ್ಲಿ ಯಾವುದು ತಿದ್ದಲೇಬೇಕು, ಯಾವುದು ಬರೀ ಸಲಹೆ, ಯಾವುದು ಗೊತ್ತಿಲ್ಲದೆ ಕೇಳಿದ ಪ್ರಶ್ನೆ ಅಂತ ಪ್ರತಿ ಕಾಮೆಂಟಿನ ಮೊದಲ ಪದದಲ್ಲೇ ಹೇಳಿಬಿಡಿ. ಹಾಗೆ ಹೇಳದಿದ್ದರೆ ಲೀಡ್ ಸುಮ್ಮನೆ ಗೊಣಗಿದ್ದನ್ನೂ ಆಜ್ಞೆ ಅಂತ ತಿಳಿದು ಎರಡು ದಿನ ತಿದ್ದುತ್ತಾ ಕೂರುತ್ತಾರೆ. ವಿನ್ಯಾಸದ ಬಗ್ಗೆಯೇ ನಾಲ್ಕೈದು ಕಾಮೆಂಟ್ ಆದರೆ ಬರೆಯುವುದು ನಿಲ್ಲಿಸಿ ಕಾಲು ಗಂಟೆ ಮಾತಾಡಿ. ಮೊದಲ ವಾರದ ಕೊನೆಗೆ ಆಗಬೇಕಿದ್ದ ಮಾತು ಆಗಲಿಲ್ಲ, ಅದೀಗ ಕಾಮೆಂಟಾಗಿ ಸುರಿಯುತ್ತಿದೆ ಅಷ್ಟೇ. ಇನ್ನು ಬೇರೆಯವರ ಬ್ರಾಂಚನ್ನು (ಅವರು ಬರೆಯುತ್ತಿರುವ ಕೋಡಿನ ಪ್ರತ್ಯೇಕ ಪ್ರತಿ) ತಾನೇ ಎಳೆದುಕೊಂಡು ರಾತ್ರಿ ತಿದ್ದಿ ಮುಖ್ಯ ಕೋಡಿಗೆ ಮರ್ಜ್ ಮಾಡುವ ಲೀಡ್‌ಗಳಿದ್ದಾರೆ. ಬೆಳಿಗ್ಗೆ ಬಂದು ನೋಡುವವರಿಗೆ ಅದು ಸಹಾಯ ಅನ್ನಿಸುವುದಿಲ್ಲ.

ತಿಂಗಳುಗಟ್ಟಲೆ ತಡವಾಗಿ ಬರುವ ಉತ್ತರದ ಸುಳಿವು ಸ್ವಲ್ಪ ಮುಂಚೆಯೇ ಸಿಗುವ ಜಾಗ ಒನ್-ಆನ್-ಒನ್, ಅಂದರೆ ಲೀಡ್ ಮತ್ತು ತಂಡದ ಒಬ್ಬರು ಇಬ್ಬರೇ ಕೂತು ಮಾತಾಡುವ ಭೇಟಿ. ವಾರಕ್ಕೊಮ್ಮೆ ಅರ್ಧ ಗಂಟೆ, ಅನುಭವಿಗಳಾದರೆ ಎರಡು ವಾರಕ್ಕೊಮ್ಮೆ ಮುಕ್ಕಾಲು ಗಂಟೆ. ಎಂಟು ಜನರಿದ್ದರೆ ವಾರಕ್ಕೆ ನಾಲ್ಕು ಗಂಟೆ, ಟಿಪ್ಪಣಿಗೆ ಇನ್ನೊಂದು. ಟಿಕೆಟ್ ಎಲ್ಲಿಗೆ ಬಂತು ಅಂತ ಅಲ್ಲಿ ಕೇಳುವ ಅಗತ್ಯವಿಲ್ಲ, ಅದು ಬೋರ್ಡಿನ ಮೇಲೇ ಇದೆ. ಕೇಳಬೇಕಾದ್ದು ಬೇರೆ: ಈ ವಾರ ಯಾವ ಕೆಲಸ ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು? ನಾನು ತೀರ್ಮಾನಿಸಿದ್ದರಲ್ಲಿ ನಿಮಗೆ ಒಪ್ಪಿಗೆಯಿಲ್ಲದ್ದು ಯಾವುದು? ಎರಡನೆಯ ಪ್ರಶ್ನೆಗೆ ಮೊದಲ ನಾಲ್ಕೈದು ವಾರ "ಏನಿಲ್ಲ, ಎಲ್ಲ ಸರಿಯಿದೆ" ಎಂಬ ಉತ್ತರವೇ ಬರುತ್ತದೆ. ಕೇಳುತ್ತಲೇ ಇರಬೇಕು. ಆರನೇ ವಾರ ಒಂದು ಸಣ್ಣ ದೂರು ಹೊರಬರುತ್ತದೆ, ಉದಾಹರಣೆಗೆ ದಿನದ ಸ್ಟ್ಯಾಂಡ್‌ಅಪ್ ಮೀಟಿಂಗ್ ಉದ್ದವಾಯಿತು ಅಂತ. ಅದು ಪರೀಕ್ಷೆ. ಮುಂದಿನ ವಾರ ಸ್ಟ್ಯಾಂಡ್‌ಅಪ್ ಚಿಕ್ಕದಾದರೆ ದೊಡ್ಡ ಮಾತು ಬರುತ್ತದೆ, ಆಗದಿದ್ದರೆ ಇನ್ನೆಂದೂ ಬರುವುದಿಲ್ಲ. ತುರ್ತು ಬಂದರೆ ಈ ಭೇಟಿಯನ್ನು ಅದೇ ವಾರ ಬೇರೆ ದಿನಕ್ಕೆ ಸರಿಸಿ, ರದ್ದು ಮಾಡಬೇಡಿ. ಸತತ ಮೂರು ಸಲ ರದ್ದಾದರೆ ಸಾಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ರಾಜೀನಾಮೆ ಪತ್ರ ಬಂದಾಗ "ಗೊತ್ತೇ ಆಗಲಿಲ್ಲ" ಅನ್ನುವ ಮ್ಯಾನೇಜರುಗಳಿಗೆ ಸುಳಿವುಗಳು ಮೂರು ತಿಂಗಳಿಂದ ಕಣ್ಣೆದುರೇ ಇರುತ್ತವೆ. ಡಿಸೈನ್ ಚರ್ಚೆಯಲ್ಲಿ ಪ್ರತಿ ಸಲ ತಕರಾರು ಎತ್ತುತ್ತಿದ್ದವರು "ಆಗಲಿ" ಅನ್ನತೊಡಗುತ್ತಾರೆ. ಎಂಟು ಸಾಲು ಇರುತ್ತಿದ್ದ ಪುಲ್ ರಿಕ್ವೆಸ್ಟ್ ವಿವರಣೆ ಒಂದು ಸಾಲಾಗುತ್ತದೆ. ಮುಂದಿನ ವರ್ಷದ ಯೋಜನೆಯ ಮಾತಿನಲ್ಲಿ ಅವರಿಗೆ ಆಸಕ್ತಿ ಕಾಣುವುದಿಲ್ಲ. ತಕರಾರು ನಿಂತದ್ದನ್ನು ಶಾಂತಿ ಅಂತ ತಿಳಿಯುವುದೇ ದೊಡ್ಡ ಮೋಸ.

ಗೂಗಲ್ ತನ್ನದೇ ಮ್ಯಾನೇಜರುಗಳನ್ನು ಅಧ್ಯಯನ ಮಾಡಿ, ಒಳ್ಳೆಯವರಲ್ಲಿ ಕಾಣುವ ಎಂಟು ನಡವಳಿಕೆಗಳನ್ನು ಪಟ್ಟಿ ಮಾಡಿತ್ತು. ಪ್ರಾಜೆಕ್ಟ್ ಆಕ್ಸಿಜನ್ ಅಂತ ಅದರ ಹೆಸರು. ಒಳ್ಳೆಯ ತರಬೇತುದಾರನಾಗಿರುವುದು ಮೊದಲನೆಯದು, ತಾಂತ್ರಿಕ ಪರಿಣತಿ ಎಂಟನೆಯದು. ಇದನ್ನು ಹಿಡಿದುಕೊಂಡು ಮ್ಯಾನೇಜರಿಗೆ ತಂತ್ರಜ್ಞಾನ ಬೇಕಿಲ್ಲ ಅಂತ ವಾದಿಸುವವರಿದ್ದಾರೆ. ಎಂಟನೆಯದಾದರೂ ಅದು ಪಟ್ಟಿಯೊಳಗೇ ಇದೆ ಎಂಬುದನ್ನು ಅವರು ಮರೆಯುತ್ತಾರೆ. ಎಸ್ಟಿಮೇಟ್ ಯಾವುದು ನಿಜ, ಯಾವುದು ಭಯದಿಂದ ಕೊಟ್ಟದ್ದು ಅಂತ ತಿಳಿಯದವರು ತರಬೇತಿ ಕೊಡುವುದಾದರೂ ಯಾವುದರಲ್ಲಿ?

ಸೇವೆ ನಿಂತ ಹೊತ್ತಿನಲ್ಲಿ ಮಾತ್ರ ಲೀಡ್‌ಗೂ ಉತ್ತರ ತಕ್ಷಣ ಸಿಗುತ್ತದೆ, ಅದಕ್ಕೇ ಅಲ್ಲಿ ಕೀಬೋರ್ಡಿಗೆ ಕೈ ಹಾಕುವ ಆಸೆ ಹೆಚ್ಚು. ಹಾಕಬಾರದು. ಒಬ್ಬರು ನಡೆಸುವವರು, ಒಬ್ಬರು ಟೈಪ್ ಮಾಡುವವರು, ಒಬ್ಬರು ಅರ್ಧ ಗಂಟೆಗೊಮ್ಮೆ ಹೊರಗಿನವರಿಗೆ ಸುದ್ದಿ ಕೊಡುವವರು, ಹೀಗೆ ಮೂರು ಪಾತ್ರ. ನಡೆಸುವವರೇ ಟೈಪ್ ಮಾಡತೊಡಗಿದರೆ ಇಡೀ ಚಿತ್ರ ನೋಡುವವರು ಯಾರೂ ಉಳಿಯುವುದಿಲ್ಲ. ಎಲ್ಲ ತಣ್ಣಗಾದ ಮೇಲೆ ಎರಡು ಮೂರು ದಿನದೊಳಗೆ ಏನಾಯಿತು ಅಂತ ಕೂತು ಬರೆಯುವಾಗ ಲೀಡ್ ಬಾಯಿಂದ ಬರುವ ಮೊದಲ ಪ್ರಶ್ನೆ "ಯಾರು ಮಾಡಿದ್ದು?" ಆಗಿದ್ದರೆ, ಮುಂದಿನ ಸಲ ತಪ್ಪು ಕಮಾಂಡ್ ಓಡಿಸಿದವರು ಹತ್ತು ನಿಮಿಷ ಸುಮ್ಮನಿರುತ್ತಾರೆ. ಆ ಹತ್ತು ನಿಮಿಷ ಬಹಳ ದುಬಾರಿ. ಆನ್‌ಲೈನ್ ಮಾರಾಟದ ಎಟ್ಸಿ ಕಂಪನಿಯಲ್ಲಿದ್ದ ಜಾನ್ ಆಲ್ಸ್‌ಪಾ 2012ರಲ್ಲಿ ದೂಷಣೆಯಿಲ್ಲದ ಪೋಸ್ಟ್‌ಮಾರ್ಟಮ್ (ಘಟನೆಯ ನಂತರದ ವಿಮರ್ಶೆ) ಬಗ್ಗೆ ಬರೆದದ್ದರ ತಿರುಳು ಇದೇ. ಆ ಕ್ಷಣದಲ್ಲಿ ಆ ವ್ಯಕ್ತಿಗೆ ಅದು ಸರಿ ಅನ್ನಿಸಿದ್ದು ಏಕೆ ಎಂದು ಕೇಳಿದರೆ ಮಾತ್ರ ಕಲಿಯುವುದು ಸಿಗುತ್ತದೆ.

ಒಂದು ವರ್ಷದ ನಂತರ ಉತ್ತರ ಬಂದಾಗ ಪ್ರಶ್ನೆಯೇ ಮರೆತುಹೋಗಿರುತ್ತದೆ. ಗೆದ್ದಿದ್ದರೆ ನಮ್ಮ ಬುದ್ಧಿ, ಸೋತಿದ್ದರೆ ಪರಿಸ್ಥಿತಿ. ಇದಕ್ಕೆ ಮದ್ದು ನಿರ್ಧಾರಗಳ ದಾಖಲೆ. 2011ರಲ್ಲಿ ಸಾಫ್ಟ್‌ವೇರ್ ತಜ್ಞ ಮೈಕೆಲ್ ನೈಗಾರ್ಡ್ ಸೂಚಿಸಿದ ರೂಪ ಬಹಳ ಚಿಕ್ಕದು: ಸಂದರ್ಭ ಏನು, ಏನು ತೀರ್ಮಾನಿಸಿದೆವು, ಪರಿಣಾಮವೇನು. ಕಡತವನ್ನು ಕೋಡ್ ಜೊತೆಗೇ ರೆಪೊಸಿಟರಿಯಲ್ಲಿ ಇಟ್ಟರೆ ಕಳೆದುಹೋಗುವುದಿಲ್ಲ. ಇದಕ್ಕೆ ಎರಡು ಸಾಲು ಸೇರಿಸಿದರೆ ನಾಯಕತ್ವದ ಅಭ್ಯಾಸಕ್ಕೂ ಒದಗುತ್ತದೆ. ನೋಡಲು ಹೀಗಿರುತ್ತದೆ:

ಸಂದರ್ಭ: ಆರ್ಡರ್ ಸರ್ವಿಸ್ ಮತ್ತು ಬಿಲ್ಲಿಂಗ್ ಒಂದೇ ಡೇಟಾಬೇಸ್ ಹಂಚಿಕೊಂಡಿವೆ, ಒಂದರ ಸ್ಕೀಮಾ (ಟೇಬಲ್‌ಗಳ ರಚನೆ) ಬದಲಿಸಿದರೆ ಇನ್ನೊಂದು ಮುರಿಯುತ್ತದೆ.
ತೀರ್ಮಾನ: ಬಿಲ್ಲಿಂಗ್‌ಗೆ ಪ್ರತ್ಯೇಕ ಡೇಟಾಬೇಸ್. ಹಂಚಿಕೆಯ ಟೇಬಲ್‌ಗಳ ಬದಲು ಇವೆಂಟ್‌ಗಳು (ಏನಾಯಿತೆಂದು ತಿಳಿಸುವ ಸಂದೇಶಗಳು).
ಬಿಟ್ಟ ದಾರಿ: ಒಂದೇ ಡೇಟಾಬೇಸ್‌ನೊಳಗೆ ಬೇರೆ ಸ್ಕೀಮಾ. ಸುಲಭ, ಆದರೆ ರಿಲೀಸ್‌ಗಳು ಅಂಟಿಕೊಂಡೇ ಇರುತ್ತವೆ.
ಏನಾಗುತ್ತದೆಂದು ನಿರೀಕ್ಷೆ: ಆರು ತಿಂಗಳಲ್ಲಿ ಬಿಲ್ಲಿಂಗ್ ತಂಡ ಯಾರನ್ನೂ ಕೇಳದೆ ವಾರಕ್ಕೊಂದು ರಿಲೀಸ್ ಮಾಡುತ್ತದೆ. ಭರವಸೆ ನೂರಕ್ಕೆ ಎಪ್ಪತ್ತು.
ಮತ್ತೆ ನೋಡುವ ದಿನ: ಆರು ತಿಂಗಳ ನಂತರದ ಮೊದಲ ಸೋಮವಾರ.

ಭರವಸೆಯ ಅಂಕಿ ಕೆಲವರಿಗೆ ತಮಾಷೆ ಅನ್ನಿಸುತ್ತದೆ. ಇಂಥ ಇಪ್ಪತ್ತು ದಾಖಲೆ ಆದ ಮೇಲೆ, ಎಪ್ಪತ್ತು ಅಂತ ಬರೆದ ಹತ್ತರಲ್ಲಿ ನಾಲ್ಕೇ ಫಲಿಸಿದ್ದರೆ ತಾನು ಎಷ್ಟು ಬೀಗುತ್ತಿದ್ದೆ ಅಂತ ಗೊತ್ತಾಗುತ್ತದೆ. ಬೇರೆ ಯಾವ ಟ್ರೈನಿಂಗ್‌ನಲ್ಲೂ ಇದು ಗೊತ್ತಾಗುವುದಿಲ್ಲ. ಎಲ್ಲ ನಿರ್ಧಾರಕ್ಕೂ ಇಷ್ಟು ಬೇಡ. ಅಮೆಜಾನ್‌ನ ಜೆಫ್ ಬೆಜೋಸ್ 2015ನೇ ಸಾಲಿನ ಷೇರುದಾರರ ಪತ್ರದಲ್ಲಿ ಒಮ್ಮುಖದ ಬಾಗಿಲು, ಇಮ್ಮುಖದ ಬಾಗಿಲು ಅಂತ ಭಾಗ ಮಾಡಿದ್ದರು. ವಾಪಸ್ ಬರಬಹುದಾದ ಬಾಗಿಲಾದರೆ ಅದೇ ದಿನ, ಹತ್ತಿರದಲ್ಲಿರುವವರೇ ತೀರ್ಮಾನಿಸಿ ಮುಂದೆ ಹೋಗಲಿ. ಹೊರಗಿನವರ ಪ್ರೋಗ್ರಾಂಗಳು ನಮ್ಮದರ ಜೊತೆ ಮಾತಾಡಲು ಬಳಸುವ ಎಪಿಐ, ಡೇಟಾ ಅಳಿಸುವುದು, ಜನರನ್ನು ತೆಗೆದುಕೊಳ್ಳುವುದು, ಇವು ಹಿಂದಿರುಗಲು ಕಷ್ಟವಾದ ಬಾಗಿಲುಗಳು. ಸಿದ್ಧ ಕೋಡಿನ ಲೈಬ್ರರಿ ಆಯ್ಕೆಗೆ ಮೂರು ವಾರ ಚರ್ಚೆ ಮಾಡಿ, ಎಪಿಐ ವಿನ್ಯಾಸವನ್ನು ಅರ್ಧ ಗಂಟೆಯಲ್ಲಿ ಮುಗಿಸುವ ತಂಡಗಳೇ ಹೆಚ್ಚು.

ಇನ್ನು ಸ್ವಂತ ಬಡ್ತಿಯ ಮಾತು. ಹೆಚ್ಚಿನ ಕಂಪನಿಗಳು ಮುಂದಿನ ಹಂತದ ಕೆಲಸವನ್ನು ಆಗಲೇ ಮಾಡುತ್ತಿದ್ದೀರಾ ಅಂತ ನೋಡಿ ಆಮೇಲೆ ಹುದ್ದೆ ಕೊಡುತ್ತವೆ. ಅಪ್ರೈಸಲ್ ತಿಂಗಳಲ್ಲಿ ಕೇಳಿದರೆ ಒಂದು ವರ್ಷ ತಡವಾಯಿತು. ತೀರ್ಮಾನಿಸುವ ಕೋಣೆಯಲ್ಲಿ ನಿಮ್ಮ ಕೋಡನ್ನು ಓದಿದವರು ಒಬ್ಬರಿದ್ದರೆ ಹೆಚ್ಚು, ಉಳಿದವರ ಕೈಯಲ್ಲಿ ಇರುವುದು ಒಂದೂವರೆ ಪುಟ. ಅದನ್ನು ಕೊನೆಯ ವಾರ ನೆನಪಿನಿಂದ ಬರೆದರೆ ಕಳೆದ ಎರಡು ತಿಂಗಳದ್ದು ಮಾತ್ರ ಇರುತ್ತದೆ. ಪ್ರತಿ ಶುಕ್ರವಾರ ಹತ್ತು ನಿಮಿಷ, ಮೂರು ಸಾಲು: ಏನು ಮಾಡಿದೆ, ಅದರಿಂದ ಏನು ಬದಲಾಯಿತು, ಅದು ಯಾರಿಗೆ ಗೊತ್ತು. "ಹುಡುಕುವ ಪುಟಕ್ಕೆ ಕ್ಯಾಶಿಂಗ್ ಸೇರಿಸಿದೆ" ಎಂಬ ಸಾಲಿನಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. "ನೂರರಲ್ಲಿ 95 ಹುಡುಕಾಟಗಳು ಮೊದಲು 1.8 ಸೆಕೆಂಡ್‌ನೊಳಗೆ ಮುಗಿಯುತ್ತಿದ್ದವು, ಈಗ 0.4 ಸೆಕೆಂಡ್‌ನೊಳಗೆ, ಇದೇ ವಿಧಾನವನ್ನು ಬೇರೆ ಎರಡು ತಂಡಗಳು ತೆಗೆದುಕೊಂಡವು" ಎಂದರೆ ಚರ್ಚೆಗೆ ಹಿಡಿ ಸಿಕ್ಕಿತು. ಎರಡನೆಯ ಭಾಗ ಮೊದಲನೆಯದಕ್ಕಿಂತ ತೂಕದ್ದು, ಏಕೆಂದರೆ ಮೇಲಿನ ಹಂತದಲ್ಲಿ ಕೇಳುವುದು ನಿಮ್ಮಿಂದ ಬೇರೆಯವರ ಕೆಲಸ ಎಷ್ಟು ಸುಲಭವಾಯಿತು ಅಂತ.

ಹೊಸಬರಿಗೆ ಕಲಿಸುವುದು, ಎರಡು ತಂಡಗಳ ನಡುವೆ ಗಂಟು ಬಿಡಿಸುವುದು, ಯಾರೂ ಬರೆಯದ ಡಾಕ್ಯುಮೆಂಟ್ ಬರೆಯುವುದು, ಇಂಥ ಅಂಟಿನ ಕೆಲಸ ಟಿಕೆಟ್‌ನಲ್ಲಿ ಕಾಣುವುದಿಲ್ಲ. ಮಾಡುವವರು ಸಾಮಾನ್ಯವಾಗಿ ತಂಡಕ್ಕೆ ಒಬ್ಬಿಬ್ಬರೇ. ಅಪ್ರೈಸಲ್‌ನಲ್ಲಿ "ಕೋಡ್ ಕಡಿಮೆಯಾಯಿತು" ಅನ್ನಿಸಿಕೊಳ್ಳುವವರೂ ಅವರೇ. ಮ್ಯಾನೇಜರ್ ಆದವರು ಇದಕ್ಕೆ ಹೆಸರು ಕೊಟ್ಟು ಬರೆದಿಡಬೇಕು, ಇಲ್ಲವೇ ಸರದಿಯ ಮೇಲೆ ಹಂಚಬೇಕು. ಮೂರನೆಯ ದಾರಿ ಇಲ್ಲ.

ರೇಟಿಂಗ್ ಹೇಗಿರುತ್ತದೋ ಜನ ಹಾಗೆ ನಡೆದುಕೊಳ್ಳುತ್ತಾರೆ. ತಂಡದ ಇಂತಿಷ್ಟು ಜನ ಕೆಳಗಿನ ದರ್ಜೆಯಲ್ಲಿ ಇರಲೇಬೇಕು ಎಂಬ ಕಡ್ಡಾಯ ಶ್ರೇಣಿಯನ್ನು ಮೈಕ್ರೋಸಾಫ್ಟ್ 2013ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಪಕ್ಕದವರು ಬಿದ್ದರೆ ತಾನು ಉಳಿಯುವ ವ್ಯವಸ್ಥೆಯಲ್ಲಿ ಯಾರೂ ಪಕ್ಕದವರಿಗೆ ಮನಸಾರೆ ಕಲಿಸುವುದಿಲ್ಲ. ಬುದ್ಧಿವಂತರು ಬುದ್ಧಿವಂತರಿರುವ ತಂಡಕ್ಕೆ ಸೇರಲು ಹಿಂಜರಿಯುತ್ತಾರೆ.

ಮ್ಯಾನೇಜರ್ ಆಗುವುದೊಂದೇ ಮೇಲೇರುವ ದಾರಿ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಐಬಿಎಮ್ 1960ರ ದಶಕದ ಆರಂಭದಲ್ಲೇ ಫೆಲೋ ಎಂಬ ಪದವಿ ಕಟ್ಟಿ, ಜನರನ್ನು ನಡೆಸದೆಯೂ ತುತ್ತತುದಿ ಮುಟ್ಟಬಹುದು ಅಂತ ತೋರಿಸಿತ್ತು. ನಿಮ್ಮ ಕಂಪನಿಯ ತಾಂತ್ರಿಕ ಏಣಿ ನಿಜವಾದದ್ದೋ ಬರೀ ಚಾರ್ಟಿನದ್ದೋ ಅಂತ ತಿಳಿಯಲು ಡೈರೆಕ್ಟರ್ ಮಟ್ಟದ ಸಂಬಳದಲ್ಲಿ ಕೈಕೆಳಗೆ ಯಾರೂ ಇಲ್ಲದವರು ಎಷ್ಟಿದ್ದಾರೆ ಎಂದು ಕೇಳಿ. ಉತ್ತರ ಸೊನ್ನೆಯಾದರೆ ಏಣಿ ಚಾರ್ಟಿನದ್ದೇ.

ಮ್ಯಾನೇಜರ್ ಕೆಲಸ ಒಗ್ಗುತ್ತದೋ ಇಲ್ಲವೋ ನೋಡಲು ಮೂರು ತಿಂಗಳ ಪ್ರಯೋಗ ಸಾಲದು. ಮೊದಲ ಮೂರು ತಿಂಗಳು ಬಹುತೇಕ ಎಲ್ಲರಿಗೂ ಬೇಸರವೇ, ಹಸಿರು ಟಿಕ್ ನಿಂತುಹೋದ ಬೇಸರ. ಒಂದು ವರ್ಷ ಕೊಡಿ, ವಾಪಸ್ ಬರುವ ಬಾಗಿಲು ತೆರೆದಿರುತ್ತದೆಯೇ ಅಂತ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ. ಬರುವುದಾದರೆ ಎರಡು ಮೂರು ವರ್ಷದೊಳಗೆ ಬರುವುದು ಸುಲಭ. ಅದು ದಾಟಿದರೆ ಟೂಲ್‌ಗಳೆಲ್ಲ ಬದಲಾಗಿ ಮೊದಲ ಎರಡು ತಿಂಗಳು ನಿಮ್ಮ ಪುಲ್ ರಿಕ್ವೆಸ್ಟ್ ಮೇಲೆಯೇ ನಲವತ್ತು ಕಾಮೆಂಟ್ ಬೀಳುತ್ತದೆ, ಅದನ್ನೂ ನೀವೇ ಕೆಲಸಕ್ಕೆ ಆರಿಸಿದವರು ಬರೆದಿರುತ್ತಾರೆ.

ಹೊರಡುವಾಗ ಮುಂದಿನವರಿಗೆ ಕೊಡಬೇಕಾದ್ದು ಹೆಚ್ಚಿಲ್ಲ. ಯಾರ್‍ಯಾರಿಗೆ ಯಾವ ಮಾತು ಕೊಟ್ಟಿದ್ದಿರಿ ಎಂಬ ಪಟ್ಟಿ, ಅರ್ಧದಲ್ಲಿರುವ ಬಡ್ತಿಗಳ ಸ್ಥಿತಿ, ನಿರ್ಧಾರಗಳ ದಾಖಲೆ. ಒನ್-ಆನ್-ಒನ್‌ನಲ್ಲಿ ನಂಬಿ ಹೇಳಿದ ಮನೆಯ ಮಾತು, ಆರೋಗ್ಯದ ಮಾತು ದಾಟಿಸಬೇಡಿ. ದಾಖಲೆಯ ಕೊನೆಯ ಸಾಲಿನ ದಿನಾಂಕಗಳನ್ನು ಮಾತ್ರ ಅವರ ಕ್ಯಾಲೆಂಡರಿಗೆ ಹಾಕಿ. ನಿಮ್ಮ ಎಪ್ಪತ್ತು ಪರ್ಸೆಂಟ್ ಭರವಸೆ ಏನಾಯಿತು ಅಂತ ಆ ಸೋಮವಾರ ಬೆಳಿಗ್ಗೆ ಅವರು ಓದಿಕೊಳ್ಳುತ್ತಾರೆ.